ಗೇಟಿನ ಮುಂದೆ ದೋಸೆ ಹುಯ್ದ ಬೆಳಿಗ್ಗೆ

ದೊಡ್ಡನೆಕ್ಕುಂದಿಯಲ್ಲಿ ನನ್ನ ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ನಮ್ಮ ಮನೆ ನಡೆದದ್ದು ದೋಸೆ ಹಿಟ್ಟಿನಿಂದ. ಜೀವನ್ ಬಿಮಾ ನಗರದ ಬಾಡಿಗೆ ಮನೆಯ ಅಡುಗೆಮನೆಯಲ್ಲೇ ಗ್ರೈಂಡರ್ ಇಟ್ಟುಕೊಂಡು ರುಬ್ಬುತ್ತಿದ್ದೆ. ಸಂಜೆ ಬೀದಿಯವರು ಡಬ್ಬಿ ತಂದು ತುಂಬಿಸಿಕೊಂಡು ಹೋಗುತ್ತಿದ್ದರು.

ಒಂದು ಶನಿವಾರ ಬೀದಿಯ ಮೊಬೈಲ್ ಗ್ರೂಪಿನಲ್ಲಿ ಒಬ್ಬ ತಾಯಿ ಬರೆದಳು: ‘ಮನೆಯಲ್ಲಿ ಮಾಡಿದ ಹಿಟ್ಟು ತಗೊಳ್ಳೋರು ಹುಷಾರು. ನಮ್ಮ ಮಗು ದೋಸೆ ತಿಂದು ಒಂದೇ ಸಮ ವಾಂತಿ ಮಾಡ್ಕೊಂಡಿದೆ.’ ನನ್ನ ಹೆಸರಿರಲಿಲ್ಲ. ಹೆಸರು ಯಾಕೆ ಬೇಕು? ಆ ಬೀದಿಯಲ್ಲಿ ಹಿಟ್ಟು ಮಾರುತ್ತಿದ್ದವಳು ನಾನೊಬ್ಬಳೇ. ಅದೇ ಹಿಟ್ಟನ್ನು ನಾವೂ ತಿಂದಿದ್ದೇವೆ, ನಮಗೇನೂ ಆಗಿಲ್ಲ ಎಂದು ಬರೆದೆ. ಆ ಸಂಜೆ ಒಂದು ಡಬ್ಬಿಯೂ ಬರಲಿಲ್ಲ.

‘ಸ್ವಲ್ಪ ದಿನ ನಿಲ್ಸ್ಬಿಡೋಣ. ಜನ ಮರ್ತೋಗ್ತಾರೆ,’ ಎಂದರು ನನ್ನ ಗಂಡ.

‘ನಿಲ್ಸಿದ್ರೆ ತಪ್ಪು ಒಪ್ಕೊಂಡಂಗೆ. ನಾನು ನಿಲ್ಸಲ್ಲ,’ ಎಂದೆ.

ಭಾನುವಾರ ಬೆಳಿಗ್ಗೆ ಒಲೆ, ಸಿಲಿಂಡರು, ಕಾವಲಿ ಎಲ್ಲವನ್ನೂ ಗೇಟಿನ ಹೊರಗಿಟ್ಟೆ. ಗಂಡನಿಗೆ ಇಷ್ಟವಿರಲಿಲ್ಲ, ಆದರೂ ಸಿಲಿಂಡರು ಹೊತ್ತು ತಂದವರು ಅವರೇ. ದೋಸೆ ಹುಯ್ದು, ಬೀದಿಗೆ ಮುಖಮಾಡಿ ನಿಂತುಕೊಂಡೇ ತಿಂದೆ. ಹಾಲಿಗೆ ಹೊರಟವರು, ವಾಕಿಂಗ್ ಮುಗಿಸಿ ಬಂದವರು ನಡಿಗೆ ನಿಧಾನ ಮಾಡಿ, ನೋಡಿ, ಮುಂದೆ ಹೋದರು. ಎರಡನೆಯದನ್ನೂ ಹುಯ್ದು ತಿಂದೆ. ಕಣ್ಣೀರು ಬಂದರೆ ಹೊಗೆಯ ಮೇಲೆ ಹಾಕೋಣವೆಂದು ಕಾವಲಿಗೆ ಇನ್ನಷ್ಟು ಎಣ್ಣೆ ಬಿಟ್ಟೆ.

ಆಗ ಎದುರುಮನೆಯ ಆಪಾ ತಮ್ಮ ಗೇಟು ತೆರೆದು ಬಂದರು; ಅಕ್ಕ ಎನ್ನುವುದಕ್ಕೆ ನಾವೆಲ್ಲ ಅವರನ್ನು ಹಾಗೇ ಕರೆಯುವುದು. ಶಿವಾಜಿನಗರದಿಂದ ಮಗನ ಜೊತೆ ಬಂದು ನೆಲೆಸಿದವರು, ಮನೆಯಲ್ಲೇ ಬಟ್ಟೆ ಹೊಲಿಯುವವರು. ಸೊಂಟದ ಮೇಲೆ ಪುಟ್ಟ ಮೊಮ್ಮಗಳು.

‘ಏನಮ್ಮಾ, ಒಬ್ಳೇ ತಿಂತಿದ್ದೀಯ? ನಮಗೂ ಹಾಕು.’

‘ಆಪಾ, ಗ್ರೂಪಲ್ಲಿ ಬಂದಿದ್ದು ನೋಡಿಲ್ವಾ?’

‘ನೋಡ್ದೆ. ಅದಕ್ಕೇ ಬಂದೆ.’

ದೋಸೆ ಮುರಿದು, ಊದಿ ಆರಿಸಿ, ಮೊದಲ ತುತ್ತನ್ನು ಮಗುವಿನ ಬಾಯಿಗಿಟ್ಟರು. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ತಾವು ತಿಂದಿದ್ದರೆ ನೆರೆಹೊರೆಯ ದಾಕ್ಷಿಣ್ಯ ಎಂದುಕೊಳ್ಳಬಹುದಿತ್ತು. ಅವರು ಮಗುವಿಗೆ ಕೊಟ್ಟರು. ಅದು ಇನ್ನೊಂದು ತುತ್ತಿಗೆ ಬಾಯಿ ತೆರೆಯಿತು. ಆಪಾ ಫೋನು ಬಾಯಿಯ ಹತ್ತಿರ ಹಿಡಿದು ಗ್ರೂಪಿಗೆ ಮಾತಲ್ಲೇ ಕಳಿಸಿದರು: ‘ನನ್ನ ಮೊಮ್ಮಗಳು ಇಲ್ಲಿ ದೋಸೆ ತಿಂತಾ ಇದ್ದಾಳೆ. ಅನುಮಾನ ಇರೋರು ಬಂದು ನೋಡಿ. ಹಸಿವು ಇರೋರೂ ಬನ್ನಿ.’

ವಿಮಾ ಕಚೇರಿಯಿಂದ ನಿವೃತ್ತರಾದ ಮೂಲೆಮನೆಯ ಅಂಕಲ್ ಕುರ್ಚಿ ಎತ್ತಿಕೊಂಡೇ ಬಂದರು. ‘ನಂಗೆ ಗರಿಗರಿ ಇರ್ಬೇಕು,’ ಎಂದು ನನ್ನ ಮುಂದೆಯೇ ಕುರ್ಚಿ ಹಾಕಿ ಕೂತರು. ಮಹಡಿ ಮನೆಯ ತಮಿಳು ಹೆಂಗಸು ಚಟ್ನಿಯ ಪಾತ್ರೆ ಹಿಡಿದು ಇಳಿದಳು. ಬಿಸಿಲೇರುವ ಹೊತ್ತಿಗೆ ಪಾತ್ರೆಯ ತಳದಲ್ಲಿ ಹಿಟ್ಟಿರಲಿಲ್ಲ.

ಗ್ರೂಪಿನಲ್ಲಿ ಬರೆದಿದ್ದ ತಾಯಿ ಎರಡು ದಿನ ಬಿಟ್ಟು ಮನೆಗೆ ಬಂದಳು. ವಾಂತಿಯಾದ ಹಿಂದಿನ ದಿನ ಮಗು ಒಂದು ಹುಟ್ಟುಹಬ್ಬಕ್ಕೆ ಹೋಗಿತ್ತಂತೆ. ಅಲ್ಲಿ ತಿಂದ ಬೇರೆ ಮಕ್ಕಳಿಗೂ ವಾಂತಿಯಾಗಿತ್ತಂತೆ.

‘ಸಾರಿ ರೀ, ಗಾಬರೀಲಿ ಬರ್ದ್ಬಿಟ್ಟೆ.’

‘ನನ್ನ ಹತ್ರ ಹೇಳಿದ್ರೆ ಸಾಲಲ್ಲ. ಎಲ್ಲಿ ಬರೆದ್ರೋ ಅಲ್ಲೇ ಬರೀರಿ.’

ನನ್ನೆದುರೇ ನಿಂತು ಬರೆದಳು. ಆಮೇಲೆ ಒಳಗೆ ಕರೆದು ಕಾಫಿ ಕೊಟ್ಟೆ.

ಕೆಲವು ಮನೆಯವರು ಮತ್ತೆ ಬರಲೇ ಇಲ್ಲ. ಬೇಡ. ಆಪಾ ಹಲಸೂರಿನ ತಮ್ಮ ಗಿರಾಕಿಗಳಿಗೆ ಹೇಳಿದರು, ಅಂಕಲ್ ಇಂದಿರಾನಗರದ ಮಗಳ ಅಪಾರ್ಟ್‌ಮೆಂಟಿನವರಿಗೆ ಹೇಳಿದರು. ಈಗ ನನ್ನ ಗಂಡ ಸ್ಕೂಟರಿನಲ್ಲಿ ಅಲ್ಲಿಗೆಲ್ಲ ಹಿಟ್ಟು ತಲುಪಿಸುತ್ತಾರೆ.

‘ಬೇರೆ ಕಡೆ ಮನೆ ಮಾಡಕ್ಕಾ, ಅಲ್ಲಿ ಯಾರಿಗೂ ಈ ಕಥೆ ಗೊತ್ತಿರಲ್ಲ,’ ಎಂದು ನನ್ನ ತಂಗಿ ಒಮ್ಮೆ ಹೇಳಿದಳು. ನನಗೆ ನಗು ಬಂತು. ಆ ಕಥೆ ಗೊತ್ತಿದ್ದೂ ನನ್ನ ಕೈಯ ದೋಸೆ ತಿಂದ ಜನ ಇರುವುದು ಈ ಬೀದಿಯಲ್ಲಿ. ಇಲ್ಲಿಂದ ನಾನು ಕದಲುವವಳಲ್ಲ.