ಮರ ಬಿಚ್ಚದ ಸುಬೇದಾರರ ರೈಫಲ್

ಸೈನ್ಯದಿಂದ ನಿವೃತ್ತನಾಗಿ ಬಂದು, ಪರವಾನಗಿ ಪಡೆದು, ಮಂಡ್ಯದಲ್ಲಿ ಬಂದೂಕು ರಿಪೇರಿಯ ಅಂಗಡಿ ತೆರೆದು ಮೂರನೆಯ ವರ್ಷ. ಸೈನ್ಯದಲ್ಲಿ ನಾನು ಆರ್ಮೋರರ್ ಆಗಿದ್ದೆ. ಪಲ್ಟನ್ನಿನ ಆಯುಧಗಳನ್ನು ಬಿಚ್ಚಿ, ಹುಳುಕು ಹುಡುಕಿ, ಸರಿಮಾಡಿ ಮತ್ತೆ ಜೋಡಿಸಿ ಕೊಡುವವನಿಗೆ ಆ ಹೆಸರು. ಗುಂಡು ಹೊಡೆದು ಪದಕ ತಂದವನಲ್ಲ; ಹೊಡೆಯುವವರ ಕೈಗೆ ನಂಬಿಕೆ ಇರುವ ಆಯುಧ ಕೊಟ್ಟವನು, ಅಷ್ಟೆ.

ಆ ಬೆಳಿಗ್ಗೆ ಅಂಗಡಿಯಲ್ಲಿ ನಾಲ್ವರಿದ್ದೆವು. ಮಳವಳ್ಳಿ ಕಡೆಯ ಹಳ್ಳಿಯಿಂದ ಮೊದಲನೆ ಬಸ್ಸಿಗೆ ಬಂದ ಸಾಕಮ್ಮ, ಭಾರತೀನಗರದ ಪ್ರೌಢಶಾಲೆಯೊಂದರಲ್ಲಿ ಆಟದ ಮೇಡಂ ಆಗಿದ್ದ ಲತಾ, ಅವಳ ಗಂಡ ರಮೇಶ, ಮತ್ತು ನಾನು. ನಡುವೆ ಮೇಜಿನ ಮೇಲೆ ಮಲಗಿದ್ದದ್ದು ಸಾಕಮ್ಮನ ಗಂಡ, ತೀರಿಕೊಂಡ ಸುಬೇದಾರ್ ಚಿಕ್ಕಣ್ಣನವರ ಪಾಯಿಂಟ್ ಟೂ ಟೂ ರೈಫಲ್. ಸಿಪಾಯಿಗಳಿಗೆ ಗುರಿ ಕಲಿಸಲು ಬಳಸಿ, ಹಳತಾದ ಮೇಲೆ ಸೈನ್ಯ ವಿಲೇವಾರಿ ಮಾಡಿದ್ದರಲ್ಲಿ ಒಂದು. ನೋಡಲು ಯುದ್ಧದ ರೈಫಲ್ಲಿನ ಪಡಿಯಚ್ಚು, ಗುಂಡು ಮಾತ್ರ ಚಿಕ್ಕದು. ಬಾರೆಲ್ಲಿನ ಉದ್ದಕ್ಕೂ ತುದಿಯವರೆಗೆ ಮರದ ಹೊದಿಕೆ.

ಸುಬೇದಾರರು ಹೋದ ಮೇಲೆ ಕಾನೂನಿನಂತೆ ಅದು ನನ್ನ ಅಂಗಡಿಯಲ್ಲಿ ಠೇವಣಿಗೆ ಬಂದಿತ್ತು. ಪರವಾನಗಿ ಇರುವ ಯಾರ ಹೆಸರಿಗಾದರೂ ಆ ಸಂಕ್ರಾಂತಿಯೊಳಗೆ ವರ್ಗವಾಗಬೇಕು. ಇಲ್ಲದಿದ್ದರೆ ಠಾಣೆಗೆ ಒಪ್ಪಿಸಬೇಕು. ಹಾಗೆ ಒಪ್ಪಿಸಿದ ಆಯುಧಗಳು ಕೊನೆಗೆ ಕುಲುಮೆ ಸೇರುತ್ತವೆ ಎಂಬುದು ಸಾಕಮ್ಮನಿಗೆ ಗೊತ್ತಿತ್ತು.

"ಮಗ್ಳು ಬ್ಯಾಡ ಅಂದ್ಲು. ಅಳಿಯ ಕಾಗೆ ಓಡ್ಸೋ ಪಟಾಕಿಗೇ ಕಿವಿ ಮುಚ್ಕತಾನೆ" ಎಂದರು ಸಾಕಮ್ಮ. "ಕರಗ್ಸೋಕೆ ಕೊಡೋಕಿಂತ ಈ ಮಗೀಗ್ ಕೊಡ್ತೀನಿ. ಆದ್ರೆ ಗೋಡೆಗೆ ನೇತಾಕೋಕೆ ಅಲ್ಲ ಕಣವ್ವ. ಒಡೀಬೇಕು."

"ಹೊಡೆಯೋಕೇ ಕೇಳ್ತಿರೋದು ಅಮ್ಮ" ಎಂದಳು ಲತಾ.

ಗುರಿ ಹೊಡೆಯುವ ಆಟಗಾರ್ತಿಯೆಂದು ಅವಳಿಗೆ ಸಿಕ್ಕಿದ್ದ ಪರವಾನಗಿಯಲ್ಲಿ ಒಂದೇ ರೈಫಲ್ಲಿಗೆ ಅವಕಾಶವಿತ್ತು. ಇದು ನೆಟ್ಟಗೆ ಹೊಡೆಯದಿದ್ದರೆ ಬೇರೆಯದನ್ನು ಕೊಳ್ಳಬೇಕು. ಆಗ ಸುಬೇದಾರರ ರೈಫಲ್ಲಿಗೆ ಕುಲುಮೆಯೇ ಗತಿ. ಸಾಕಮ್ಮ ಏಳುವಾಗ ಇನ್ನೊಂದು ಮಾತು ಸೇರಿಸಿದರು. "ಇದ್ರ ಮರ ಮಾತ್ರ ಬಿಚ್ಬಾರ್ದು ಕಣಪ್ಪ. ನಮ್ಮ ಸುಬೇದಾರ್ರು ಇರೋಗಂಟ ಬಿಚ್ನಿಲ್ಲ. ಬಿಚ್ಬಾರ್ದು ಅಂತ ಆರ್ಡ್ರು ಅಂತಿದ್ರು."

ನಾನು ತಲೆಯಾಡಿಸಿದೆ. ಠೇವಣಿ ಇಟ್ಟವರ ಮಾತು ಮೀರುವ ಹಾಗಿಲ್ಲ.

ಬೇಕಾದ ಅನುಮತಿ ಪಡೆದು, ರೈಫಲ್ ಕ್ಲಬ್ಬಿನ ರೇಂಜಿನಲ್ಲಿ ನನ್ನ ಎದುರಿಗೇ ಪರೀಕ್ಷೆ ಇಟ್ಟುಕೊಂಡೆವು. ಐವತ್ತು ಮೀಟರ್ ದೂರಕ್ಕೆ ಕಾಗದದ ಗುರಿ. ಲತಾ ಬೋರಲು ಮಲಗಿ, ಪಟ್ಟಿಯನ್ನು ತೋಳಿಗೆ ಬಿಗಿದುಕೊಂಡು ಹೊಡೆದಳು. ಬೆಳಗಿನ ತಂಪಿನಲ್ಲಿ ಗುಂಡುಗಳು ಒಂದರ ಪಕ್ಕ ಒಂದು, ಮಗ್ಗಿ ಬರೆದಂತೆ ಕೂತವು. ನನಗೆ ಹಿಗ್ಗು. ಬಿಸಿಲೇರುತ್ತಿದ್ದಂತೆ ಅದೇ ಕೈ, ಅದೇ ಉಸಿರು, ಗುಂಡು ಮಾತ್ರ ಮೆಲ್ಲಗೆ ಎಡಕ್ಕೆ ಸರಿಯತೊಡಗಿತು. ಮಧ್ಯಾಹ್ನದ ಹೊತ್ತಿಗೆ ಕರಿ ವೃತ್ತದ ಆಚೆ ಹೋಯಿತು.

"ಸೀರೆ ಅಂಗ್ಡೀಲಿ ಐದ್ ನಿಮಿಷ ಕೂರಕ್ಕಿಲ್ಲ, ಇಲ್ಲಿ ಬೆಳಿಗ್ಗೆಯಿಂದ ಮೊಸಳೆ ಮಲಗ್ದಂಗೆ ಮಲಗವ್ಳೆ ನೋಡಿ ಸಾರ್" ಎಂದು ರಮೇಶ ನಕ್ಕ.

"ನೀವು ಸಕ್ಕರೆ ಕಾರ್ಖಾನೆ ಮುಂದೆ ಕಬ್ಬಿನ ಲಾರಿ ಸಾಲಲ್ಲಿ ದಿನಗಟ್ಲೆ ನಿಲ್ಲಲ್ವಾ? ಸುಮ್ನಿರಿ" ಎಂದಳು ಲತಾ. ಆಮೇಲೆ ನನ್ನತ್ತ ತಿರುಗಿ, "ಕೈಗೆ ಚೆನ್ನಾಗಿ ಕೂರುತ್ತೆ ಸರ್. ಆದ್ರೆ ನಂಬೋಕಾಗ್ತಿಲ್ಲ" ಎಂದಳು. ಅವಳ ದನಿಯಲ್ಲಿ ದೂರಿರಲಿಲ್ಲ, ಬೇಸರವಿತ್ತು.

ಹಳೆಯ ರೈಫಲ್ ಎಂದೊಡನೆ ಬಾರೆಲ್ ಸವೆದಿದೆ ಎಂದುಬಿಡುವುದು ಸುಲಭ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಸವೆದ ಬಾರೆಲ್ ಬೆಳಿಗ್ಗೆಯೂ ಸವೆದೇ ಇರುತ್ತದಲ್ಲ! ಆದರೂ ಹೊರಗಿನಿಂದ ಮಾಡಬಹುದಾದದ್ದನ್ನೆಲ್ಲ ಮಾಡಿದೆ. ಬಾರೆಲ್ಲಿನ ಒಳಗೆ ಅಂಟಿದ್ದ ಸೀಸವನ್ನು ತೆಗೆದೆ. ಗುಂಡು ಹೊರಬೀಳುವ ಬಾಯಿಯ ಅಂಚಿನಲ್ಲಿದ್ದ ಸಣ್ಣ ತರಚನ್ನು ಸರಿಪಡಿಸಿದೆ. ಗುರಿ ನೋಡುವ ಸೈಟ್ ಕುಣಿಯುತ್ತಿತ್ತು, ಬಿಗಿಮಾಡಿದೆ. ಮತ್ತೆ ರೇಂಜಿಗೆ ಹೋದೆವು. ಬೆಳಿಗ್ಗೆಯ ಗುಂಪು ಇನ್ನೂ ಚಿಕ್ಕದಾಯಿತು. ಮಧ್ಯಾಹ್ನ ಮತ್ತೆ ಎಡಕ್ಕೇ ಓಟ.

ಲತಾಗೆ ಪರಿಚಯದವರೊಬ್ಬರು ಹೊಸ ರೈಫಲ್ ಕೊಡಲು ಮುಂದೆ ಬಂದಿದ್ದರು. "ಈ ಭಾನುವಾರ ಬಿಟ್ಟು ಮುಂದಿನ ಭಾನುವಾರದೊಳಗೆ ಹೇಳ್ಬೇಕು ಸರ್. ಸಾಕಮ್ಮೋರ ಮುಖ ನೆನೆಸ್ಕೊಂಡ್ರೆ ಬಾಯೇ ಬರ್ತಿಲ್ಲ" ಎಂದಳು.

ನಾನು ಮದ್ದೂರಿನ ಮೇಲಿಂದ ಮಳವಳ್ಳಿಯ ಬಸ್ಸು ಹಿಡಿದೆ. ಸಾಕಮ್ಮನ ಮನೆಯಲ್ಲಿ ಅಂದು ಉಸಿರಾಡಲು ಪುರಸೊತ್ತಿರಲಿಲ್ಲ. ರೇಷ್ಮೆ ಹುಳು ಹಣ್ಣಾಗಿದ್ದವು. ಮಗಳು, ಅಳಿಯ ಎಲ್ಲರೂ ಸೇರಿ ಹುಳು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು. "ನಿಂತ್ಕಂಡ್ ಏನ್ ನೋಡ್ತೀಯಪ್ಪ, ಕೈ ಆಡ್ಸು" ಎಂದರು ಸಾಕಮ್ಮ. ನಾನೂ ಕೂತು ಹುಳು ಆರಿಸುತ್ತಾ ವಿಷಯ ತೆಗೆದೆ. ಮರ ಬಿಚ್ಚದೆ ಇನ್ನು ದಾರಿಯಿಲ್ಲ ಎಂದೆ.

"ಆಗಾಕಿಲ್ಲ."

"ಅವ್ವ, ಹಾಗೇ ಬಿಟ್ರೆ ಆ ಮೇಡಂ ತಗೊಳ್ಳಲ್ಲ. ಕುಲುಮೆಗೆ ಹೋಗುತ್ತೆ."

ಅವರ ಕೈ ನಿಂತಿತು. ಅವರು ಬೇರೆ ಮಾತು ತೆಗೆದರು. "ಎಂಗ್ ಕಾಪಾಡಿದ್ದೀನಿ ಗೊತ್ತಾ ಅದ್ನ? ಒಂದ್ ಆಯುಧಪೂಜೆ ತಪ್ಸಿಲ್ಲ. ನೇಗ್ಲು, ಕುಡ್ಲು, ಮೊರ ಎಲ್ಲಾದ್ಕೂ ಮೊದ್ಲು ಅದ್ಕೇ ಪೂಜೆ. ಹರಳೆಣ್ಣೆ ಉಯ್ದು ಉಜ್ಜಿ, ಅರ್ಸಿನ ಕುಂಕ್ಮ ಇಡ್ತಿದ್ದೆ. ಮ್ಯಾಲಿಟ್ರೆ ಸುಬೇದಾರ್ರು ಅಳ್ಸೋಯ್ತದೆ ಅನ್ನೋರು. ಅದ್ಕೇ ಮರದ ಎಡಗಡೆ ಸಂದೀಲಿ ಹಿಡ್ಸೋ ಗಂಟ ಒತ್ತಿ ತುಂಬ್ತಿದ್ದೆ."

ನಾನು ಹುಳುವನ್ನು ಕೈಯಲ್ಲಿ ಹಿಡಿದು ಹಾಗೇ ಕೂತೆ. ಸಂದು! ಬಾರೆಲ್ಲಿಗೂ ಅದರ ಮೇಲಿನ ಮರಕ್ಕೂ ನಡುವೆ ಕೂದಲೆಳೆಯ ಸಂದು ಇರಲೇಬೇಕು. ಗುಂಡು ಹಾರುವಾಗ ಬಾರೆಲ್ ತಂತಿಯಂತೆ ಮಿಡಿಯುತ್ತದೆ. ಒಂದು ಮಗ್ಗುಲಿಂದ ಏನಾದರೂ ಒತ್ತಿದರೆ ಆ ಮಿಡಿತ ಕೆಡುತ್ತದೆ, ಗುಂಡು ಓರೆಯಾಗುತ್ತದೆ.

"ಅವ್ವ, ಸುಬೇದಾರ್ರ ಆರ್ಡ್ರು ಸರಿಯಾಗೇ ಇದೆ" ಎಂದೆ. "ಆ ಮರಾನ ಸಿಪಾಯಿ ಬಿಚ್ಚಬಾರದು ಅಂತ ನಮ್ಮ ಕಡೆ ಕಟ್ಟುನಿಟ್ಟು. ಆದ್ರೆ ಆ ಆರ್ಡ್ರಿಗೆ ಇನ್ನರ್ಧ ಇದೆ. ಬಿಚ್ಚಬೇಕಾದಾಗ ಆರ್ಮೋರರ್ ಹತ್ರ ತಗೊಂಡು ಹೋಗಬೇಕು."

ಸಾಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನು ಅದೇ ಅಲ್ವೇನಪ್ಪ?"

"ಅದೇ."

"ಅಯ್ಯೋ, ಊರಿಗ್ ಬಂದ್ಮ್ಯಾಲೆ ಅವ್ರಿಗೆ ಆರ್ಮೋರ್ರೇ ಸಿಗ್ನಿಲ್ಲ ಕಣಪ್ಪ" ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. "ಹುಳದ ಕೆಲ್ಸ ಮುಗೀಲಿ, ಬತ್ತೀನಿ. ನನ್ನೆದ್ರಿಗೇ ಬಿಚ್ಬೇಕು."

ಬಂದರು. ಲತಾ, ರಮೇಶರೂ ಬಂದರು. ತುದಿಯ ಕಬ್ಬಿಣದ ಕಟ್ಟಿನ ತಿರುಪು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು, ಕಾದು, ಮಗುವಿನ ಕಿವಿಯ ಓಲೆ ಬಿಚ್ಚುವಂತೆ ಬಿಚ್ಚಿದೆ. ಮರ ಮೇಲೆದ್ದಾಗ ಒಳಗೆ ಎಡಮಗ್ಗುಲಿನ ಉದ್ದಕ್ಕೂ ಕೆಂಪಗೆ ಒಂದು ಪದರ ಕಂಡಿತು. ಅರಿಶಿನ, ಕುಂಕುಮ, ಹರಳೆಣ್ಣೆ, ಧೂಳು, ಎಲ್ಲ ಸೇರಿ ಅರಗಿನಂತೆ ಗಟ್ಟಿಯಾಗಿತ್ತು. ತಂಪಿದ್ದಾಗ ಅದು ಕಲ್ಲು. ಬಾರೆಲ್ಲನ್ನು ಒಂದೇ ಕಡೆ ಹಿಡಿದಿಡುತ್ತಿತ್ತು. ಬಿಸಿಲಿಗೆ ಮೆತ್ತಗಾದೊಡನೆ ಬಾರೆಲ್ ಆ ಕಡೆಗೆ ಜಾರುತ್ತಿತ್ತು. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಇದ್ದ ವ್ಯತ್ಯಾಸ ಅದೇ.

ಸಾಕಮ್ಮ ಬೆರಳಿಂದ ಮುಟ್ಟಿ ನೋಡಿದರು. "ನಾನಾ ಇದ್ ಮಾಡಿದ್ದು?" ಎಂದರು. ಆಮೇಲೆ ಗೊಳ್ಳೆಂದು ನಕ್ಕರು. "ನೋಡ್ಲಾ ರಮೇಸ, ಸತ್ತೋದ್ರೂ ನಮ್ಮ ಸುಬೇದಾರ್ರಿಗೆ ಗೊತ್ತಾಗ್ನಿಲ್ಲ. ಗುಂಡು ಎಡಕ್ಕೋದಾಗೆಲ್ಲ ಗಾಳಿ ಕಣೆ ಗಾಳಿ ಅನ್ನೋರು!"

ಆ ನಗು ಇಲ್ಲದಿದ್ದರೆ ಪದರ ಕೆರೆಯಲು ನನಗೆ ಕೈ ಬರುತ್ತಿರಲಿಲ್ಲ. ಮರದ ಕಡ್ಡಿಯಿಂದ ಎಬ್ಬಿಸಿ ಎಬ್ಬಿಸಿ ತೆಗೆದ ಚೂರುಗಳನ್ನು ಅವರು ವೀಳ್ಯದೆಲೆಯಲ್ಲಿ ಕಟ್ಟಿಕೊಂಡರು. ತುಳಸಿ ಬುಡಕ್ಕೆ ಹಾಕುತ್ತೇನೆಂದರು.

ಉಳಿದದ್ದು ತಾಳ್ಮೆಯ ಕೆಲಸ. ಮರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ ನೆರಳಲ್ಲಿ ಇಟ್ಟು, ಕುಡಿದಿದ್ದ ಎಣ್ಣೆಯನ್ನು ಹೊರಗೆಳೆದೆ. ಕಬ್ಬಿಣ ಮರದಲ್ಲಿ ಅಲುಗದೆ ಕೂರುವಂತೆ ಮಾಡುವುದಕ್ಕೆ ನಾವು ಬೆಡ್ಡಿಂಗ್ ಎನ್ನುತ್ತೇವೆ, ಹಾಸಿಗೆ ಹಾಸಿದಂತೆ. ಬಾರೆಲ್ಲಿಗೆ ದೀಪದ ಕಾಡಿಗೆಯನ್ನು ತೆಳ್ಳಗೆ ಬಳಿದು ಮರದಲ್ಲಿ ಕೂರಿಸಿ ಎತ್ತಿದರೆ, ತಾಗುವ ಕಡೆ ಮರದ ಮೇಲೆ ಕಪ್ಪು ಮೂಡುತ್ತದೆ. ತಾಗಬಾರದ ಕಡೆ ಚೂರೇ ಕೆರೆದು ಮತ್ತೆ ಕೂರಿಸಬೇಕು. ಇನ್ನೊಂದು ದಿನ ಬಂದ ಸಾಕಮ್ಮ ಅದನ್ನು ನೋಡಿ, "ಕೋವಿಗೂ ಕಣ್ಕಪ್ಪಾ? ಚೆಂದಾಗದೆ ಬುಡು, ದೃಷ್ಟಿ ಆಗಾಕಿಲ್ಲ" ಎಂದರು.

ಗಡುವಿನ ಹಿಂದಿನ ದಿನ, ಶನಿವಾರ, ಕೊನೆಯ ಪರೀಕ್ಷೆ. ಸಾಕಮ್ಮ ಛತ್ರಿ ಹಿಡಿದು ಹಿಂದಿನ ಬೆಂಚಿನ ಮೇಲೆ ಕೂತರು. ಬೆಳಿಗ್ಗೆ ಹೊಡೆದ ಕಾಗದ ತೆಗೆದಿಟ್ಟು, ಬಿಸಿಲೇರುವವರೆಗೂ ರೈಫಲ್ಲನ್ನು ಬಯಲಲ್ಲೇ ಇಟ್ಟೆವು. ನೆತ್ತಿ ಸುಡುವ ಹೊತ್ತಿಗೆ ಲತಾ ಮತ್ತೆ ಮಲಗಿದಳು. ಮೊದಲ ಗುಂಡು ನಡುಮಧ್ಯ. ಎರಡನೆಯದು ಕಾಣಲೇ ಇಲ್ಲ. "ತಪ್ಪೋಯ್ತು" ಎಂದು ರಮೇಶ ಎದ್ದು ನಿಂತ. ದುರ್ಬೀನನ್ನು ಮತ್ತೆ ಕಣ್ಣಿಗಿಟ್ಟು ನೋಡಿದೆ: ಮೊದಲನೆಯದರ ತೂತನ್ನೇ ಅಗಲ ಮಾಡಿತ್ತು. ಆಮೇಲಿನವೂ ಆ ತೂತಿನ ಸುತ್ತಲೇ.

ಕಾಗದ ತಂದು ಸಾಕಮ್ಮನ ಕೈಗೆ ಕೊಟ್ಟೆವು. ಅವರು ಅದನ್ನು ಬಿಸಿಲಿಗೆ ಹಿಡಿದು ತೂತಿನೊಳಗಿಂದ ಲತಾಳನ್ನು ನೋಡಿದರು. "ತಗೊಂಡೋಗವ್ವ" ಎಂದರು. "ಗಾಳಿ ಗೀಳಿ ಅಂತ ನೆಪ ಯೋಳ್ಬ್ಯಾಡ."

ವರ್ಗಾವಣೆ ಸಂಕ್ರಾಂತಿಗೆ ಮುಂಚೆಯೇ ಆಯಿತು. ಸೈನ್ಯದಲ್ಲಿ ನನಗೆ ಕಸುಬು ಕಲಿಸಿದ ಹವಾಲ್ದಾರರು ಆಯುಧದ ಹೊಟ್ಟೆ ನೋಡುವುದನ್ನು ಕಲಿಸಿದ್ದರು, ಅವರ ಋಣ ದೊಡ್ಡದು. ಅದು ಬದುಕಿದ ಮನೆಯನ್ನೂ ಕೇಳಬೇಕು ಎಂಬುದನ್ನು ಕಲಿಸಿದವರು ಸಾಕಮ್ಮ. ಅಂದಿನಿಂದ ಯಾವ ಬಂದೂಕು ಬಂದರೂ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಮನೆಯವರಿಗೆ ಒಂದು ಲೋಟ ಕಾಫಿ ತರಿಸಿ, ಇದನ್ನು ಹೇಗೆ ಇಟ್ಟುಕೊಂಡಿದ್ದಿರಿ ಎಂದು ಕೇಳುತ್ತೇನೆ. ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.

ಮುಂದಿನ ಆಯುಧಪೂಜೆಗೆ ಲತಾ ರೈಫಲ್ ತೆಗೆದುಕೊಂಡು ಮಳವಳ್ಳಿಗೆ ಹೊರಟಳು, ನನ್ನನ್ನೂ ಕರೆದಳು. ಸಾಕಮ್ಮ ನೇಗಿಲು, ಕುಡುಗೋಲುಗಳಿಗೆ ಮೊದಲೇ ಪೂಜೆ ಮುಗಿಸಿ ಇದಕ್ಕೆಂದೇ ಕಾದಿದ್ದರು. ರೈಫಲ್ಲನ್ನು ಮಣೆಯ ಮೇಲೆ ಮಲಗಿಸಿದೆವು. ಕುಂಕುಮದ ಬಟ್ಟಲಿಗೆ ಬೆರಳದ್ದಿದ ಸಾಕಮ್ಮ ಹಾಗೇ ನಿಂತು ನನ್ನ ಕಡೆ ನೋಡಿದರು.

"ಎಲ್ಲಿಡ್ಲಪ್ಪ?"

ಹಿಡಿಯ ಹಿಂಬದಿಯ ಹಿತ್ತಾಳೆ ತಗಡನ್ನು ತೋರಿಸಿದೆ. ಅಲ್ಲೊಂದು ಬೊಟ್ಟಿಟ್ಟರು. ಒಂದು ಕಾಳು ಕುಂಕುಮ ಮರದ ಕಡೆ ಉದುರಿತು. ಸೆರಗಿನ ತುದಿಯಿಂದ ಅದನ್ನು ಅವರೇ ಒರೆಸಿ ತೆಗೆದರು.