ಅಳತೆಯಮ್ಮನ ಬಿಳಿ ಗೌನು

ಅಳತೆಯಮ್ಮ ಸಾವಿಗೆ ತಯಾರಾಗಿ ಕೂತು ಹದಿನಾರು ವರ್ಷವಾಗಿತ್ತು. ಸಾವು ಮಾತ್ರ ಆ ಕಡೆ ತಲೆ ಹಾಕಿರಲಿಲ್ಲ.

ಐವತ್ತೈದು ತುಂಬಿದ ವಾರವೇ ಆಕೆ ತನ್ನ ಶವಕ್ಕೆ ತೊಡಿಸಲೆಂದು ಬಿಳಿ ಗೌನೊಂದನ್ನು ಹೊಲಿದು, ಇಸ್ತ್ರಿ ಮಾಡಿ ಟ್ರಂಕಿನಲ್ಲಿಟ್ಟಿದ್ದಳು. ಸಮಾಧಿಯ ಬಳಿ ಹಾಡಬೇಕಾದ ಮೂರು ಕೀರ್ತನೆಗಳನ್ನು ಚೀಟಿಯಲ್ಲಿ ಬರೆದು, ಕೆಳಗೆ ‘ಎಳೆದೆಳೆದು ಹಾಡಬಾರದು’ ಎಂದು ಸೇರಿಸಿ ಅಡಿಗೆರೆ ಎಳೆದಿದ್ದಳು. “ಕರ್ತ ಬಾಗಿಲು ತಟ್ಟಿದಾಗ ನಾನು ಚಪ್ಪಲಿ ಹುಡುಕ್ತಾ ಕೂತಿರಬಾರ್ದು ನೋಡಿ” ಎಂದು ಗಿರಾಕಿಗಳಿಗೆಲ್ಲ ಹೇಳಿ ನಗುತ್ತಿದ್ದಳು.

ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯೇ ಆಕೆಯ ಅಂಗಡಿ. ಬೆಳಿಗ್ಗೆ ಪ್ರಾರ್ಥನೆ ಮುಗಿಸದೆ ಮೆಷಿನಿನ ಪೆಡಲಿಗೆ ಕಾಲಿಟ್ಟವಳಲ್ಲ. ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದುದು ಬರೀ ಶೋಭೆಗೆ. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಎದೆ, ಸೊಂಟ, ತೋಳು ಎಲ್ಲ ಅವಳ ಕಣ್ಣಿಗೆ ಸಿಕ್ಕಿಬಿಡುತ್ತಿದ್ದವು. ಅದಕ್ಕೇ ಆ ಹೆಸರು. ಹೊಲಿಗೆಯ ಒಳಗೆ ಹೆಚ್ಚುವರಿ ಬಟ್ಟೆ ಬಿಡುವುದೂ ಆಕೆಗೆ ಅವಮಾನ. “ಕೈ ಮೇಲೆ ನಂಬಿಕೆ ಇಲ್ಲದವರು ಬಿಡ್ತಾರೆ” ಎನ್ನುತ್ತಿದ್ದಳು.

ಈ ಜಂಬವೇ ಒಂಬತ್ತು ವರ್ಷದ ಹಿಂದೆ ಮನೆ ಮುರಿದಿತ್ತು. ತಂಗಿಯ ಮಗಳ ಮದುವೆಯ ಗೌನನ್ನು ಆಕೆಯೇ ಹೊಲಿದಿದ್ದಳು. ಆಶೀರ್ವಾದಕ್ಕೆಂದು ಹುಡುಗಿ ಮೊಣಕಾಲೂರಿದಾಗ ಬೆನ್ನಿನ ಹೊಲಿಗೆ ಪರ್ರನೆ ಬಿಟ್ಟಿತು. ಇಡೀ ಚರ್ಚು ನೋಡುತ್ತಿತ್ತು. “ವಾರವೆಲ್ಲಾ ತಿಂದು ಊದ್ಕೊಂಡ್ರೆ ನಾನೇನು ಮಾಡ್ಲಿ?” ಎಂದು ಅಳತೆಯಮ್ಮ ಎಲ್ಲರಿಗೂ ಕೇಳುವಂತೆ ಅಂದುಬಿಟ್ಟಳು. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತಿಲ್ಲ.

ಈಗ ಹೊಟ್ಟೆಯಲ್ಲಿ ಗಡ್ಡೆ ಎಂದು ಡಾಕ್ಟರು ಸೋಮವಾರಕ್ಕೆ ಆಪರೇಷನ್ ಗೊತ್ತುಮಾಡಿದ್ದರು. ಗುರುವಾರ ಪಾದ್ರಿಗಳು ಪ್ರಾರ್ಥನೆಗೆ ಬಂದರು.

“ಎಲ್ಲ ರೆಡಿ ಅಯ್ಯನೋರೇ. ಗೌನು, ಹಾಡು, ಫೋಟೋ. ನೀವು ಪ್ರಸಂಗ ಉದ್ದ ಮಾಡ್ದೆ ಇದ್ರೆ ಸಾಕು.”

“ತಂಗಿ?”

“ಮಣ್ಣಿಗೆ ಬಂದೇ ಬರ್ತಾಳೆ ಬಿಡಿ.”

“ಬರ್ತಾರಮ್ಮ. ಆದ್ರೆ ಆವತ್ತು ನಿಮಗೆ ಮಾತಾಡೋಕಾಗಲ್ವಲ್ಲ?”

ಪಾದ್ರಿಗಳು ಹೋದಮೇಲೆ ಅಳತೆಯಮ್ಮ ಮನಸ್ಸು ಬೇರೆಡೆ ತಿರುಗಿಸಲು ಗೌನನ್ನು ತೊಟ್ಟು ನೋಡಹೊರಟಳು. ಅದು ಭುಜದಿಂದ ಕೆಳಗೆ ಇಳಿಯಲೊಲ್ಲದು, ಮೇಲಕ್ಕೂ ಬಾರದು.

“ಉಸಿರು ಬಿಗಿಹಿಡೀರಿ ಅತ್ತೆ!” ಸೊಸೆ ನಗು ತಡೆದುಕೊಂಡು ಎಳೆದಳು.

“ಇದನ್ನ ತೊಡೋ ಹೊತ್ತಿಗೆ ಉಸಿರೇ ಇರಲ್ಲ ಕಣೇ, ಮೆಲ್ಲಗೆ ಎಳಿ!”

ಹೇಗೋ ಬಿಡಿಸಿಕೊಂಡು, ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡೋಣವೆಂದು ಒಳಮಗ್ಗುಲು ತಿರುವಿದಳು. ಅಲ್ಲಿ ಬಿಚ್ಚಿ ಬಿಡಲು ಅರ್ಧ ಇಂಚು ಬಟ್ಟೆಯೂ ಇರಲಿಲ್ಲ. ಆಕೆಯ ಕೈ ಅಲ್ಲೇ ನಿಂತಿತು. ಆ ಹುಡುಗಿಯ ಗೌನಿನಲ್ಲೂ ಹೀಗೇ ಏನೂ ಬಿಟ್ಟಿರಲಿಲ್ಲ. ಮೊಣಕಾಲೂರಿದರೆ ಯಾರ ಬೆನ್ನಾದರೂ ಬಾಗುತ್ತದೆ, ಹುಡುಗಿ ಊದಿಕೊಂಡಿರಲಿಲ್ಲ.

ಶನಿವಾರ ಗೌನನ್ನು ಚೀಲಕ್ಕೆ ತುರುಕಿ ತಂಗಿಯ ಊರಿಗೆ ಬಸ್ಸು ಹತ್ತಿದಳು. ತಂಗಿಯೂ ದರ್ಜಿಯೇ. ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು, ಮರದ ಗೊಂಬೆಗೆ ತೊಡಿಸಿದ ರವಿಕೆ ಸರಿಮಾಡುತ್ತಿದ್ದವಳು ತಲೆ ಎತ್ತಿ ನೋಡಿ ಹಾಗೇ ನಿಂತಳು.

“ಇದಕ್ಕೆ ಪಕ್ಕದಲ್ಲಿ ಪಟ್ಟಿ ಸೇರಿಸ್ಬೇಕಿತ್ತು” ಎಂದು ಅಳತೆಯಮ್ಮ ಚೀಲ ಚಾಚಿದಳು. ಅದು ನೆಪವೆಂದು ಆಕೆಗೇ ಗೊತ್ತಿತ್ತು. “ಸುಳ್ಳು. ಅದಕ್ಕಲ್ಲ ಬಂದಿದ್ದು. ಮಗು ಊದ್ಕೊಂಡಿರ್ಲಿಲ್ಲ ಕಣೇ. ಹೊಲಿಗೆ ತಪ್ಪು ನಂದು. ಅದಕ್ಕಿಂತ ದೊಡ್ಡ ತಪ್ಪು ನನ್ನ ಬಾಯಿದು. ಕ್ಷಮಿಸಿಬಿಡು.”

ತಂಗಿ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಸೂಜಿದಿಂಬಿಗೆ ಚುಚ್ಚಿದಳು.

“ಇಷ್ಟು ಮಾತಿಗೆ ಒಂಬತ್ತು ವರ್ಷ ಬೇಕಾಯ್ತಾ?”

“ಸೋಮವಾರ ಆಪರೇಷನ್. ಇಲ್ದಿದ್ರೆ ಇನ್ನೂ ಒಂಬತ್ತು ಹಿಡೀತಿತ್ತು.”

ತಂಗಿ ನಗಲು ಹೋಗಿ ಅತ್ತಳು, ಅಳುತ್ತಲೇ ಬೈದಳು: “ಕತ್ತೆ! ಗಡ್ಡೆ ಇಟ್ಕೊಂಡು ಬಸ್ಸಲ್ಲಿ ಬಂದ್ಯಾ?” ಕೂಡಲೇ ಮಗಳಿಗೆ ಫೋನು ಹಚ್ಚಿ ಅಕ್ಕನ ಕೈಗಿತ್ತಳು. “ಇದನ್ನೇ ಅವಳಿಗೂ ಹೇಳು.” ಆಪರೇಷನ್ ಎಂದು ಕೇಳಿದಾಗಲೂ ಅಳತೆಯಮ್ಮನ ಎದೆ ಇಷ್ಟು ಹೊಡೆದುಕೊಂಡಿರಲಿಲ್ಲ. ಆದರೂ ಒಂದಕ್ಷರ ಬಿಡದೆ ಹೇಳಿದಳು. ಆ ಕಡೆಯಿಂದ “ಸೋಮವಾರ ನಾನೂ ಬರ್ತೀನಿ ದೊಡ್ಡಮ್ಮ” ಎಂಬ ದನಿ ಬಂತು.

ಸೋಮವಾರ ಬೆಳಿಗ್ಗೆ ಡಾಕ್ಟರು ಮತ್ತಿನ ಸೂಜಿ ಚುಚ್ಚುವ ಮೊದಲೇ ಆಕೆಗೆ ತೂಕಡಿಕೆ ಹತ್ತಿತ್ತು.

ಮಧ್ಯಾಹ್ನ ಕಣ್ಣು ಬಿಟ್ಟಾಗ ಎದುರಿಗೆ ಬಿಳಿ ಗೋಡೆ, ಬಿಳಿ ಪರದೆ. ಆಕೆ ಬೆರಗಾಗಿ ಸುತ್ತ ನೋಡುತ್ತಿರುವಾಗ ತಂಗಿಯ ಮುಖ ಬಾಗಿತು.

“ಇದು ಪರಲೋಕ ಅಲ್ಲಕ್ಕ, ವಾರ್ಡು. ಪರಲೋಕ ಆಗಿದ್ರೆ ಪಕ್ಕದಲ್ಲಿ ನಾನಿರ್ತಿದ್ನಾ?”

“ಇರ್ತೀಯ ಕಣೇ” ಎಂದಳು ಅಳತೆಯಮ್ಮ, ಒಣಗಿದ ತುಟಿ ಸವರಿಕೊಂಡು. “ಅದಕ್ಕೇ ನಿನ್ನ ಜೊತೆ ಇರೋದನ್ನ ಇಲ್ಲೇ ಅಭ್ಯಾಸ ಮಾಡ್ಕೊಳ್ತಾ ಇದೀನಿ.”