ನೀ ಹಾವ್, ನಿನ್ ಹಾವ್

ಮೊನ್ನೆ ಚೀನಾದಲ್ಲಿ ಒಬ್ಬ ಅಜ್ಜಿಗೆ ಕೈ ಮುಗಿದು 'ನಿನ್ ಹಾವ್' ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ 'ನೀ ಹಾವ್' ಎಂದರು. ಯಾರೂ ಯಾರನ್ನೂ ಕಚ್ಚಲಿಲ್ಲ.

ಗಾಬರಿ ಬೇಡ. ಅದು ಅಲ್ಲಿನ ನಮಸ್ಕಾರ. 'ನೀ' ಅಂದರೆ ಅಲ್ಲಿಯೂ ನೀನೇ. 'ಹಾವ್' ಅಂದರೆ ಚೆನ್ನಾಗಿ.

ನನ್ನ ಗಂಡನನ್ನು ಕಂಪನಿ ಚೆಂಗ್ಡು ಎಂಬ ಊರಿಗೆ ಕಳಿಸಿತ್ತು. ನಾವಿರುವ ಅಮೆರಿಕದ ಕ್ಯಾರಿಯಲ್ಲಿ ವಿಂಟರ್ ಬ್ರೇಕ್ ಶುರುವಾದದ್ದೇ ತಡ, ನಾನೂ ಮಗಳು ಧೃತಿಯೂ ಹಿಂದೆಯೇ ಹೊರಟೆವು. ಅವರು ಬೆಳಿಗ್ಗೆ ಆಫೀಸಿಗೆ ಹೋದರೆ ಇಡೀ ದಿನ ನಮ್ಮದು. ಕೊತ್ತಂಬರಿ ಸೊಪ್ಪಿಗೂ ಕಾರು ತೆಗೆಯುವ ನಮಗೆ ಗೊತ್ತುಗುರಿಯಿಲ್ಲದೆ ನಡೆಯುವುದೇ ದೊಡ್ಡ ಟೂರಿಸಮ್.

ಆದರೆ ನನಗೊಂದು ಹಟವಿತ್ತು. ಧೃತಿ ಸ್ಕೂಲಿನಲ್ಲಿ ಚೈನೀಸ್ ಓದುತ್ತಾಳೆ. ಪರೀಕ್ಷೆಯಲ್ಲೆಲ್ಲ ಎ ಗ್ರೇಡ್. ಚೀನಾಕ್ಕೆ ಬಂದ ಮೇಲೆ ಮಾತ್ರ ತುಟಿ ಎರಡಾಗಿರಲಿಲ್ಲ. ಎಲ್ಲದಕ್ಕೂ ಫೋನಿನ ಅನುವಾದವೇ. (ಕನ್ನಡದ ಕಥೆಯೂ ಅದೇ. ಮೈಸೂರಿನಲ್ಲಿ ಕಸಿನ್‌ಗಳು ಅವಳ ಉಚ್ಚಾರಣೆಗೆ ನಕ್ಕರು. ಅಂದಿನಿಂದ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ.) ಹೀಗೇ ಬಿಟ್ಟರೆ ಹುಡುಗಿಗೆ ಎಷ್ಟು ಭಾಷೆ ಬಂದರೂ ಮಾತೇ ಬರುವುದಿಲ್ಲ ಎನ್ನಿಸಿತು.

"ಇವತ್ತು ನಿನ್ನ ಫೋನು ನನ್ನ ಬ್ಯಾಗಲ್ಲಿ. ಏನ್ ಬೇಕಾದ್ರೂ ಬಾಯ್ಬಿಟ್ಟು ಕೇಳು," ಎಂದೆ.

"ಮಾಮ್! ಮೈ ಟೋನ್ಸ್ ಆರ್ ಟೆರಿಬಲ್. ದೇ ವಿಲ್ ಲಾಫ್."

"ನಗ್ಲಿ ಬಿಡೆ. ಅವರ ಹಲ್ಲು ಕಾಣುತ್ತೆ, ನಿನ್ನ ಗಂಟೇನು ಹೋಗುತ್ತೆ?"

ನಗುವಿನ ವಿಷಯ ನನಗೆ ಹೇಳಬೇಡಿ. ನಮ್ಮ ವಂಶದಲ್ಲೇ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಕೊಳ್ಳೇಗಾಲದಿಂದ ಬಂದು ಮೈಸೂರಿನ ಕ್ಲಾಸಿನಲ್ಲಿ 'ಐಲ್ಯಾಂಡ್' ಎನ್ನುವುದನ್ನು 'ಇಸ್‌ಲ್ಯಾಂಡ್' ಎಂದು ಗಟ್ಟಿಯಾಗಿ ಓದಿದವಳು. ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತು. ಮರುದಿನ ಮತ್ತೆ ಎದ್ದು ನಿಂತೆ. ಇಲ್ಲದಿದ್ದರೆ ಡಿಗ್ರಿ ಎಲ್ಲಿಂದ ಬರಬೇಕು?

ನಡೆದೆವು. ಮೋಡ, ಚಳಿ, ದಾರಿಯುದ್ದಕ್ಕೂ ಸುಟ್ಟ ಗೆಣಸಿನ ವಾಸನೆ. ಧೃತಿ ಗೆಣಸಿನ ಗಾಡಿಯ ಮುಂದೆ ನಿಂತು ಎರಡು ಬೆರಳು ತೋರಿಸಿದಳು. ಗೆಣಸು ಬಂತು. ಬಾಯಿ ತೆರೆದದ್ದು ಅದನ್ನು ತಿನ್ನಲು ಮಾತ್ರ!

ಮಧ್ಯಾಹ್ನ ಸೂರ್ಯ ಇಣುಕಿದ. ಆ ಊರಿನ ಚಳಿಗಾಲದಲ್ಲಿ ಬಿಸಿಲು ಅಪರೂಪವಂತೆ. ಊರಿಗೆ ಊರೇ ಪಾರ್ಕಿಗೆ ಬಂದಂತಿತ್ತು. ಬಿದಿರಿನ ಕುರ್ಚಿಗಳು, ಮುಚ್ಚಳವಿರುವ ಬಟ್ಟಲುಗಳಲ್ಲಿ ಟೀ. ಒಂದೇ ಟೀ ಎಲೆಗೆ ಬಿಸಿನೀರು ಹಾಕಿಸಿಕೊಳ್ಳುತ್ತಾ ಸಂಜೆಯವರೆಗೂ ಹರಟೆ. ನಾವೂ ಕೂತೆವು. ಬಟ್ಟಲು ಖಾಲಿಯಾಯಿತು. ನೀರು ಹಾಕುವವನು ಎಲ್ಲೂ ಕಾಣಲಿಲ್ಲ. ಪಕ್ಕದ ಟೇಬಲ್ಲಿನಲ್ಲಿ ಒಬ್ಬ ಅಜ್ಜಿ ಸ್ವೆಟರ್ ಹೆಣೆಯುತ್ತಿದ್ದರು.

"ಅವರನ್ನ ಬಿಸಿನೀರು ಕೇಳು."

"ಯು ಆಸ್ಕ್."

"ಕೇಳ್ತೀನಿ. ಆದ್ರೆ ಅಷ್ಟು ವಯಸ್ಸಾದವರಿಗೆ 'ನೀ' ಅನ್ನೋದಾ?"

"ದೇರ್ ಈಸ್ ಎ ಪೊಲೈಟ್ ವರ್ಡ್. 'ನಿನ್'."

"ನಿನ್ನಾ? ಇದು ಅದಕ್ಕಿಂತ ಕೆಟ್ಟದಾಗಿದೆಯಲ್ಲೇ!"

ಊರಿನಲ್ಲಿ ನನ್ನ ಅಪ್ಪನನ್ನು ಮೀಸೆ ಮೂಡದ ಹುಡುಗರೂ 'ನೀನು' ಎನ್ನುತ್ತಿದ್ದರು. ಬಹುವಚನದ ಬೆಲೆ ನನಗೆ ಗೊತ್ತು. ಎದ್ದು ಹೋಗಿ, ಎರಡೂ ಕೈ ಜೋಡಿಸಿ, "ನಿನ್ ಹಾವ್ ರೀ," ಎಂದೆ. ಅಜ್ಜಿ 'ನೀ ಹಾವ್' ಎಂದರು. ಜೋಡಿಸಿದ ಕೈ ಇಳಿಸದೆ, ಮಗಳ ಬಾಯಿಪಾಠದಲ್ಲಿ ಕೇಳಿದ್ದ ನೀರಿನ ಪದವನ್ನೂ ಹೇಳಿದೆ. "ಶ್ವೇ."

ಅಜ್ಜಿ ಪಾಪ ಎಂಬಂತೆ ನೋಡಿದರು. ತಮ್ಮ ಎರಡೂ ಅಂಗೈ ಜೋಡಿಸಿ, ಕೆನ್ನೆಗೆ ಒತ್ತಿ, ಕಣ್ಣು ಮುಚ್ಚಿ ತೋರಿಸಿದರು. ಆಮೇಲೆ ಪಕ್ಕದ ಕುರ್ಚಿಯಿಂದ ಉಲ್ಲನ್ ಚೀಲ ತೆಗೆದು ನನಗೆ ಜಾಗ ಮಾಡಿದರು.

"ಮಾಮ್! ದಟ್ಸ್ ನಾಟ್ ವಾಟರ್! ಯು ಸೆಡ್ ಸ್ಲೀಪ್!"

ದನಿ ಬಾಗಿಸಿ ಮೇಲೆತ್ತಿದರೆ ನೀರು, ಕೆಳಗೆ ಇಳಿಸಿದರೆ ನಿದ್ದೆ. ಅದರ ಮೇಲೆ ನಮ್ಮ ನಮಸ್ಕಾರ ಬೇರೆ. ನಡುಮಧ್ಯಾಹ್ನ ಪಾರ್ಕಿನಲ್ಲಿ ಅಪರಿಚಿತರ ಬಳಿ ಹೋಗಿ, ಮಲಗಬೇಕು ಎಂದು ಕೈ ಮುಗಿದು ಬೇಡಿಕೊಂಡಿದ್ದೆ!

ಧೃತಿ ಓಡಿ ಬಂದಳು. ಅಮ್ಮನ ಮಾನ ಉಳಿಸಬೇಕಲ್ಲ, ಚೈನೀಸ್ ದಬದಬನೆ ಬಂತು. ಅಜ್ಜಿ ಬಿದ್ದು ಬಿದ್ದು ನಕ್ಕರು. ಅವಳ ಯಾವುದೋ ಪದಕ್ಕೂ ನಕ್ಕರು, ತಿದ್ದಿದರು. ಇವಳು ಮತ್ತೆ ಬಾಯಿ ಮುಚ್ಚಿಬಿಟ್ಟರೆ?

ಧೃತಿಯ ಮುಖ ಕೆಂಪಾಯಿತು. ಆ ಪದವನ್ನು ಇನ್ನೊಮ್ಮೆ ಹೇಳಿದಳು. ಮತ್ತೂ ಒಮ್ಮೆ ಹೇಳಿದಳು. ಅಜ್ಜಿ ತಲೆಯಾಡಿಸಿ ನೀರಿನವನನ್ನು ಕೂಗಿದರು.

"ಏನಂದ್ರು?"

"ಅವರಿಗೆ 'ನಿನ್' ಬೇಡ್ವಂತೆ. ಬ್ಯಾಂಕ್‌ನವರ ಥರ ಕೇಳಿಸುತ್ತಂತೆ. 'ನೀ' ಸಾಕಂತೆ. ನಮ್ಮ ಲ್ಯಾಂಗ್ವೇಜ್‌ನಲ್ಲಿ ಏನು ಅಂತ ಕೇಳಿದ್ರು."

ಅವಳು ಬಾಯಿ ತುಂಬ ಕನ್ನಡ ಆಡಿದ್ದು ನನಗೆ ತಿಳಿಯುವಷ್ಟರಲ್ಲಿ, ಅಜ್ಜಿಗೆ 'ನೀನು', 'ನೀವು' ಪಾಠ ಶುರುವಾಗಿತ್ತು. ಅಜ್ಜಿ 'ನೀ-ಊ' ಎಂದರು. ಈ ಸಲ ನಗುವ ಸರದಿ ಧೃತಿಯದು.

ಬಿಸಿಲು ಇಳಿಯುವವರೆಗೂ ಕೂತಿದ್ದೆವು. ಹೊರಡುವಾಗ ನಾನು ಬ್ಯಾಗು ತಡಕಾಡುತ್ತಾ ಹಿಂದೆ ಉಳಿದೆ. ಅವಳಿಗೆ ಫೋನಿನ ನೆನಪೂ ಇದ್ದಂತಿರಲಿಲ್ಲ. ಗೇಟಿನ ಹತ್ತಿರ ನಿಂತು ಕೂಗಿದಳು.

"ಅಮ್ಮಾ, ನೀವು ಬಾ!"

ನೀವು ಬಾ! ಯಾವ ಕನ್ನಡ ಮೇಷ್ಟ್ರು ಇದಕ್ಕೆ ಮಾರ್ಕ್ಸ್ ಕೊಟ್ಟಾರು? ತಿದ್ದಲು ನಾಲಿಗೆ ತುರಿಸಿತು. ಕಚ್ಚಿಕೊಂಡೆ.

"ಬಂದೆ ಕಣ್ರೀ," ಎಂದೆ.